‘ಆಗಿ’ ಇದ್ದಲ್ಲೆಲ್ಲ ‘ಲಿ’ ಹಚ್ಚಬೇಡಿ

ಮುಂಬೈಯ ಹೋಟೆಲ್ ಕೌಂಟರು, ಕೊರಿಯರ್ ಆಫೀಸುಗಳಲ್ಲಿ ದುಡಿಯುವ ನಮ್ಮವರಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವಾಗ ನಾನು ಅಡ್ಜೆಕ್ಟಿವ್ (ವಸ್ತು, ವ್ಯಕ್ತಿಯ ಗುಣ ಹೇಳುವ ಪದ), ಅಡ್ವರ್ಬ್ (ಕೆಲಸ ಹೇಗೆ, ಗುಣ ಎಷ್ಟು ಎಂದು ಹೇಳುವ ಪದ) ಎಂಬ ಹೆಸರುಗಳಿಂದ ಶುರುಮಾಡುವುದಿಲ್ಲ. ಬೋರ್ಡಿನಲ್ಲಿ ಎರಡು ವಾಕ್ಯ ಬರೆಯುತ್ತೇನೆ: ‘ಸಾಂಬಾರ್ ಚೆನ್ನಾಗಿದೆ’, ‘ಅವನು ಚೆನ್ನಾಗಿ ಬಡಿಸುತ್ತಾನೆ’. ನಮಗೆ ಎರಡೂ ಕಡೆ ‘ಚೆನ್ನಾಗಿ’. ಇಂಗ್ಲಿಷಿಗೆ ಮೊದಲನೆಯದು ಗುಡ್, ಎರಡನೆಯದು ವೆಲ್. ‘ಆಗಿ’ ಕಂಡಲ್ಲೆಲ್ಲ ಅಡ್ವರ್ಬಿನ ‘ಲಿ’ (-ly) ಹಚ್ಚಿ, ‘ನೈಸ್’ ಸಾಕಾದಲ್ಲಿ ‘ಕಾಫಿ ಸ್ಮೆಲ್ಸ್ ನೈಸ್ಲಿ’ ಅನ್ನುವ ತಪ್ಪು ಹುಟ್ಟುವುದು ಇಲ್ಲಿಂದಲೇ.

ಕನ್ನಡದ ‘ಆಗಿ’ಯನ್ನು ಬಿಟ್ಟು ಇಂಗ್ಲಿಷಿನ ಕ್ರಿಯಾಪದವನ್ನು ನೋಡಬೇಕು. ಲುಕ್, ಸ್ಮೆಲ್, ಟೇಸ್ಟ್, ಫೀಲ್, ಸೌಂಡ್ ಬಂದಾಗ ಆ ಜಾಗಕ್ಕೆ ‘ಇಸ್’ ಹಾಕಿ ನೋಡಿ. ‘ದಿ ಸೂಪ್ ಟೇಸ್ಟ್ಸ್ ಗುಡ್’ ಹೋಗಿ ‘ದಿ ಸೂಪ್ ಇಸ್ ಗುಡ್’ ಆಯಿತು, ಅರ್ಥ ಕೆಡಲಿಲ್ಲ. ಹಾಗಾಗಿ ಅಲ್ಲಿ ಅಡ್ಜೆಕ್ಟಿವ್. ‘ದಿ ಕುಕ್ ಟೇಸ್ಟೆಡ್ ದಿ ಸೂಪ್ ಕೇರ್‌ಫುಲಿ’ಯಲ್ಲಿ ‘ಇಸ್’ ಕೂರುವುದೇ ಇಲ್ಲ. ಅಡುಗೆಯವನು ಒಂದು ಕೆಲಸ ಮಾಡುತ್ತಿದ್ದಾನೆ, ಅಲ್ಲಿ ಅಡ್ವರ್ಬೇ ಬೇಕು. ಕ್ರಿಯಾಪದ ಒಂದೇ, ಕೆಲಸ ಬೇರೆ.

ಅಡ್ವರ್ಬ್, ಅಡ್ಜೆಕ್ಟಿವ್ ಎರಡೂ ಜೊತೆಯಾಗಿ ಬಂದಾಗ ಗೊಂದಲ ಹೆಚ್ಚು. ‘ಎ ರಿಯಲಿ ಓಲ್ಡ್ ಬಿಲ್ಡಿಂಗ್’ನಲ್ಲಿ ‘ಓಲ್ಡ್’ ಅಳಿಸಿ. ‘ಎ ರಿಯಲಿ ಬಿಲ್ಡಿಂಗ್’ ನಿಲ್ಲುವುದಿಲ್ಲ. ಅಂದರೆ ‘ರಿಯಲಿ’ ಆತುಕೊಂಡಿರುವುದು ‘ಓಲ್ಡ್’ಗೆ, ಕಟ್ಟಡಕ್ಕಲ್ಲ.

ಇನ್ನು ಗುಣಕ್ಕೂ ಕ್ರಿಯೆಗೂ ಸಲ್ಲುವ ‘ತುಂಬಾ’. ಮರಾಠಿಯ ‘ಖೂಪ್’ ಕೂಡ ಹೀಗೇ ಎಲ್ಲ ಕಡೆ ನುಗ್ಗುವುದರಿಂದ ಇಲ್ಲಿಯವರಿಗೆ ತೊಂದರೆ ಎರಡು ಪಟ್ಟು: ‘ಐ ವೆರಿ ಲೈಕ್ ಇಟ್’ ಅಂದುಬಿಡುತ್ತಾರೆ. ವೆರಿ ನಿಲ್ಲುವುದು ಅಡ್ಜೆಕ್ಟಿವ್ ಇಲ್ಲವೇ ಅಡ್ವರ್ಬಿನ ಮುಂದೆ. ಕ್ರಿಯಾಪದಕ್ಕಾದರೆ ‘ವೆರಿ ಮಚ್’, ಅದೂ ಸಾಮಾನ್ಯವಾಗಿ ಕೊನೆಯಲ್ಲಿ: ‘ಐ ಲೈಕ್ ಇಟ್ ವೆರಿ ಮಚ್’. ‘ಟೂ’ ಎಂದರೆ ಅತಿಯಾಯಿತು ಎಂಬ ದೂರು. ದಾದರ್ ಸ್ಟೇಷನ್ನಿನಲ್ಲಿ ಸಂಜೆ ಲೋಕಲ್ ರೈಲು ‘ವೆರಿ ಕ್ರೌಡೆಡ್’ ಆಗಿದ್ದರೂ ಹೇಗೋ ಹತ್ತಬಹುದು. ‘ಟೂ ಕ್ರೌಡೆಡ್ ಟು ಬೋರ್ಡ್’ ಆದರೆ ಮುಂದಿನದಕ್ಕೆ ಕಾಯಬೇಕು. ‘ಎನಫ್’ ಅಡ್ಜೆಕ್ಟಿವ್ ಆದ ಮೇಲೆ ಬರುತ್ತದೆ, ನಾಮಪದಕ್ಕೆ ಮೊದಲು: ‘ಸ್ಟ್ರಾಂಗ್ ಎನಫ್’, ಆದರೆ ‘ಎನಫ್ ಮಿಲ್ಕ್’.

ಬಾಯಿಪಾಠವೇ ಗತಿ ಎಂಬವೂ ಕೆಲವಿವೆ. ಫ್ರೆಂಡ್ಲಿ, ಲವ್ಲಿ ‘ಲಿ’ ಹೊತ್ತ ಅಡ್ಜೆಕ್ಟಿವ್‌ಗಳು. ಫಾಸ್ಟ್, ಹಾರ್ಡ್, ಲೇಟ್ ಅಡ್ಜೆಕ್ಟಿವ್ ಆದರೂ ಅಡ್ವರ್ಬ್ ಆದರೂ ಹಾಗೇ ಇರುತ್ತವೆ. ಇಂಟರ್‌ವ್ಯೂನಲ್ಲಿ ‘ಐ ವರ್ಕ್ ಹಾರ್ಡ್‌ಲಿ’ ಅಂದರೆ ಕಷ್ಟಪಟ್ಟು ದುಡಿಯುತ್ತೇನೆ ಎಂದಾಗುವುದಿಲ್ಲ. ಹಾರ್ಡ್‌ಲಿ ಎಂದರೆ ಇಲ್ಲವೆನ್ನುವಷ್ಟು ಕಮ್ಮಿ. ಕೆಲಸ ಅಲ್ಲಿಗೇ ಹೋಯಿತು!

ಅಭ್ಯಾಸಕ್ಕೆ ‘ಹಾಟ್’ ಒಂದೇ ಸಾಕು. ಒಬ್ಬ ಗಿರಾಕಿ, ಒಬ್ಬ ವೇಟರ್. ವೆರಿ ಹಾಟ್, ಟೂ ಹಾಟ್, ಹಾಟ್ ಎನಫ್, ನಾಟ್ ಹಾಟ್ ಎನಫ್ ಎಂದು ಗಿರಾಕಿ ಬದಲಿಸಿ ಬದಲಿಸಿ ಹೇಳುತ್ತಾನೆ. ‘ನಾಟ್ ಹಾಟ್ ಎನಫ್’ ಕೇಳಿದರೆ ವೇಟರ್ ಕಾಫಿ ಲೋಟ ಒಳಗೆ ಒಯ್ಯಬೇಕು, ‘ಟೂ ಹಾಟ್’ ಅಂದರೆ ಬಿಸಿ ಆರಿಸಿಕೊಳ್ಳಲು ಖಾಲಿ ಬಟ್ಟಲು ತಂದಿಡಬೇಕು, ‘ವೆರಿ ಹಾಟ್’ ಅಂದರೆ ನಗುತ್ತ ನಿಂತರಾಯಿತು.