ಕನ್ನಡದಲ್ಲಿ ಗೂಢ ಪದಬಂಧ ಕಟ್ಟಿದ ನನ್ನ ಅನುಭವ

ಕ್ರಿಪ್ಟಿಕ್ ಸುಳಿವುಗಳನ್ನು, ಅಂದರೆ ಉತ್ತರದ ಅರ್ಥವನ್ನೂ ಅದನ್ನು ಕಟ್ಟುವ ಪದದಾಟವನ್ನೂ ಒಂದೇ ಮಾತಿನಲ್ಲಿ ಅಡಗಿಸಿಟ್ಟ ಗೂಢ ಸುಳಿವುಗಳನ್ನು, ಕನ್ನಡದಲ್ಲಿ ಕಟ್ಟಲು ಆಗುವುದೇ ಇಲ್ಲ ಎಂದು ಇಂಗ್ಲಿಷ್ ಪದಬಂಧದಲ್ಲಿ ಪಳಗಿದ ಗೆಳೆಯರು ವಾದಿಸುತ್ತಿದ್ದರು. ಕಳೆದ ದೀಪಾವಳಿಗೆ ನಾನು ಹಂಚಿದ ಪದಬಂಧವನ್ನು ಅವರಲ್ಲೇ ಏಳೆಂಟು ಮಂದಿ ಒಂದು ಮನೆಯನ್ನೂ ಖಾಲಿ ಬಿಡದೆ ತುಂಬಿದ ಮೇಲೆ ಆ ವಾದ ನಿಂತಿದೆ.

ಮೊದಲ ಎರಡು ವರ್ಷ ನಾನು ಸ್ವರ, ವ್ಯಂಜನಗಳನ್ನು ಬೇರೆಬೇರೆ ಬಿಡಿಸಿ ಪಲ್ಲಟ ಮಾಡುತ್ತಿದ್ದೆ, ಅಂದರೆ ಅವುಗಳ ಸ್ಥಾನ ಬದಲಿಸಿ ಹೊಸ ಪದ ಕಟ್ಟುತ್ತಿದ್ದೆ. ಬಿಡಿಸುವವರಿಗೆ ಅದು ಸಂಧಿ ಬಿಡಿಸುವ ಪರೀಕ್ಷೆಯಾಯಿತೇ ಹೊರತು ಆಟವಾಗಲಿಲ್ಲ. ಅಂಥ ನಲವತ್ತು ಪದಬಂಧಗಳ ಪುಸ್ತಿಕೆಯ ಅಚ್ಚಿಗೆ ಸುಮಾರು 14 ಸಾವಿರ ರೂಪಾಯಿ ಹಾಕಿದೆ. 300 ಪ್ರತಿಗಳಲ್ಲಿ ಅರವತ್ತೋ ಎಪ್ಪತ್ತೋ ಖರ್ಚಾದವು, ಮಾರಲು ಒಯ್ದ ಅಂಗಡಿಯವರೊಬ್ಬರಿಂದ ಅರ್ಧ ಹಣ ಇಂದಿಗೂ ಬಂದಿಲ್ಲ. ಆಮೇಲೆ ಕಾಗುಣಿತ, ಒತ್ತುಗಳ ಸಮೇತ ಮನೆಗೊಂದೇ ಅಕ್ಷರ ಎಂದು ಹಟ ಹಿಡಿದೆ. ಆಗಲೂ ‘ಕನಸು’ ಕಲಸಿದರೆ ‘ನಸುಕು’ ಎಂದು ಬರೆದು, ‘ಕು’ ಎಲ್ಲಿಂದ ಬಂತು ಎಂದು ಕೇಳಿಸಿಕೊಂಡಿದ್ದೇನೆ.

ನಿಯಮ ಗಟ್ಟಿಯಾದ ಮೇಲೆ ಸುಳಿವುಗಳು ತಾವಾಗಿ ಬಂದವು. ‘ಹಿಂದಕ್ಕೆ ಹರಿದ ಹೊಳೆಗೆ 24 ಗಂಟೆ (2)’ ಎಂದರೆ ನದಿ ತಿರುಗಿ ದಿನವಾಗುತ್ತದೆ; ಕಂಸದಲ್ಲಿರುವುದು ಉತ್ತರದ ಅಕ್ಷರಗಳ ಎಣಿಕೆ. ‘ಶಿರವನ್ನು ವಿಕ್ರಯಿಸು, ಪೀಳಿಗೆ ಸಿಗುತ್ತದೆ (4)’ ಎಂಬುದಕ್ಕೆ ತಲೆಮಾರು. ‘ಮನುಷ್ಯನೊಳಗೆ ಗಜದ ತಲೆ ಹೊಕ್ಕರೆ ಪಟ್ಟಣ (3)’ ಎಂಬುದನ್ನು ನೀವೇ ಬಿಡಿಸಿಕೊಳ್ಳಿ.

ನಿಜವಾದ ತೊಡಕು ವಿಭಕ್ತಿಯದು. ಪಲ್ಲಟವಾಗಬೇಕಾದ ಪದ ಸುಳಿವಿನಲ್ಲಿ ಇದ್ದ ಹಾಗೆಯೇ ಇರಬೇಕು, ಆದರೆ ‘ರಮಣನನ್ನು ಕಲಸು’ ಎಂದ ಕೂಡಲೇ ಎರಡು ಅಕ್ಷರ ಹೆಚ್ಚಾಗುತ್ತವೆ. ತಿಂಗಳುಗಟ್ಟಲೆ ಒದ್ದಾಡಿದ ಬಳಿಕ, ಅಕ್ಷರಗಳನ್ನು ಕಲಸಬೇಕೆಂದು ತಿಳಿಸುವ ಸೂಚಕವಾಗಿ, ಕರ್ಮಪದ ಬೇಡದ ಅಕರ್ಮಕ ಕ್ರಿಯಾಪದವನ್ನೇ ಹಿಡಿದರೆ ಪದವು ಪ್ರತ್ಯಯವಿಲ್ಲದೆ ನಿಲ್ಲುತ್ತದೆ ಎಂದು ಹೊಳೆಯಿತು: ‘ರಮಣ ತಲ್ಲಣಿಸಿದರೆ ಸಾವು (3)’. ಉತ್ತರ ಮರಣ. ಇದೊಂದರಿಂದಲೇ ನನ್ನ ಕೆಲಸ ಅರ್ಧಕ್ಕರ್ಧ ಹಗುರಾಯಿತು.

ನಡುವೆ ಒತ್ತಕ್ಷರಗಳ ಮೇಲೂ ಪ್ರಯೋಗ ಮಾಡಿದೆ. ‘ಹಳ್ಳಿ ಒತ್ತು ಕಳೆದುಕೊಂಡರೆ ರೈಲಿನ ದಾರಿ (2)’ ಎಂಬ ಸುಳಿವಿಗೆ ಹಳಿ. ಇಂಥ ಸೌಕರ್ಯ ಇಂಗ್ಲಿಷಿಗೆ ಇಲ್ಲ. ಅರ್ಕಾವತ್ತಿನಲ್ಲಿ ಮಾತ್ರ ಇದು ಕೆಟ್ಟಿತು, ಏಕೆಂದರೆ ಬರೆಯುವಾಗ ಆಮೇಲೆ ಬರುವುದನ್ನು ಓದುವಾಗ ಮೊದಲೇ ಉಚ್ಚರಿಸುತ್ತೇವೆ, ಬಿಡಿಸುವವರು ಜಗಳಕ್ಕೇ ನಿಂತರು.

ಅಷ್ಟು ಕಾಡಿದ ವಿಭಕ್ತಿಯೇ ಜೋಡಿ ಅರ್ಥದ ಸುಳಿವುಗಳಲ್ಲಿ ಕೈ ಹಿಡಿಯಿತು: ‘ಅರಣ್ಯಕ್ಕೆ, ಕಣ್ಣಿಗೆ ಹಚ್ಚಲು (3)’ ಎಂದರೆ ಕಾಡಿಗೆ. ಇಂಥ ಪದಗಳು ನನ್ನ ಬಳಿ ಈಗ ನೂರೈವತ್ತರಷ್ಟಿವೆ. ಅವನ್ನು ಹುಡುಕುವ ಬಗೆಯನ್ನು ಮಾತ್ರ ಹೊಸ ಪುಸ್ತಿಕೆ ಅಚ್ಚಾಗಿ ಹಳೆಯ ನಷ್ಟ ತುಂಬುವವರೆಗೆ ಹೇಳಲಾರೆ.