ರೀಬೂಟ್‌ಗೆ ಮೊದಲು ಓಡುತ್ತಿರುವ ಕರ್ನಲ್ ಯಾವುದು ನೋಡಿ

2023ರ ಡಿಸೆಂಬರ್ 10, ಭಾನುವಾರ ಸಂಜೆ. ಉಡುಪಿಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ, ಮಂಗಳೂರಿನ ಗೆಳೆಯನ ಫೋನ್ ಬಂತು. "ಮಾರಾಯಾ, ನಿಮ್ಮ ಸರ್ವರ್ ಡೆಬಿಯನ್ 12 ಅಲ್ವಾ? ರೀಬೂಟ್ ಮಾಡ್ಬೇಡ, ಮೊದಲು ಕರ್ನಲ್ ಯಾವುದು ನೋಡು."

ಡೆಬಿಯನ್ ಎಂದರೆ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಕರ್ನಲ್ ಅದರ ತಿರುಳು. ಡೆಬಿಯನ್ 12.3ಕ್ಕೆಂದು ಬಂದ 6.1.64-1 ಕರ್ನಲ್‌ನಲ್ಲಿ ಒಂದು ದೋಷ ಇತ್ತು. ಇಎಕ್ಸ್‌ಟಿ4 (ಲಿನಕ್ಸ್ ಫೈಲ್‌ಗಳನ್ನು ಜೋಡಿಸಿಡುವ ಒಂದು ವಿಧಾನ) ಡಿಸ್ಕ್‌ನಲ್ಲಿರುವ ಡೇಟಾ ಹಾಳಾಗುವ ಸಾಧ್ಯತೆ. ನಮ್ಮ ಸರ್ವರ್ ಮುಂಬೈಯಲ್ಲಿದೆ, ಅದರಲ್ಲಿ ಇಲ್ಲಿನ ಎಷ್ಟೋ ಅಂಗಡಿಗಳ ಲೆಕ್ಕಪತ್ರ ಇದೆ, ಅಪ್‌ಡೇಟ್‌ಗಳು ತಾನಾಗಿಯೇ ಇನ್‌ಸ್ಟಾಲ್ ಆಗುವಂತೆ ನಾನೇ ಇಟ್ಟಿದ್ದೆ.

ಲಾಗಿನ್ ಆಗಿ ಬೂಟ್ ಫೋಲ್ಡರ್ ನೋಡಿದೆ. 6.1.0-14, ಅಂದರೆ ಅದೇ ದೋಷದ ಕರ್ನಲ್, ಬಂದು ಕೂತಿದೆ! ಎದೆ ಧಸಕ್ ಎಂದಿತು. ಆದರೆ ಡಿಸ್ಕ್‌ನಲ್ಲಿ ಇರುವುದು ಬೇರೆ, ಓಡುತ್ತಿರುವುದು ಬೇರೆ. ಹೊಸ ಕರ್ನಲ್ ಇನ್‌ಸ್ಟಾಲ್ ಆದರೂ ರೀಬೂಟ್ ಆಗುವ ತನಕ ಮೆಮೊರಿಯಲ್ಲಿ ಹಳೆಯದೇ ಕೆಲಸ ಮಾಡುತ್ತಿರುತ್ತದೆ. ಅದಕ್ಕೇ ಓಡುತ್ತಿರುವ ಕರ್ನಲ್‌ನ ಹೆಸರು ಹೇಳುವ 'ಯುನೇಮ್ ಮೈನಸ್ ಆರ್' (uname -r) ಕಮಾಂಡ್ ಹೊಡೆದೆ. 6.1.0-13 ಎಂದು ಬಂತು. ಉಸಿರು ಬಂದಂತಾಯಿತು. ಆದರೂ ನಡುವೆ ಒಮ್ಮೆ 14ರಲ್ಲಿ ಎದ್ದು ಮತ್ತೆ 13ಕ್ಕೆ ಬಂದಿದ್ದರೆ? 'ಲಾಸ್ಟ್ ರೀಬೂಟ್' ಎಂದು ಕೊಟ್ಟರೆ ಪ್ರತಿ ಸಲ ಯಾವ ಕರ್ನಲ್‌ನಲ್ಲಿ, ಎಷ್ಟು ಹೊತ್ತಿಗೆ ಬೂಟ್ ಆಯಿತು ಎಂದು ಸಾಲಾಗಿ ತೋರಿಸುತ್ತದೆ. ಅದರಲ್ಲಿ 14 ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಸರಿಪಡಿಸಿದ ಕರ್ನಲ್ ಜೊತೆ 12.4 ಬಂದಿತ್ತು. ಅಪ್‌ಡೇಟ್ ಮಾಡಿ 6.1.0-15 ಹಾಕಿದೆ, 14 ಅನ್ನು ತೆಗೆದೆ, 13 ಅನ್ನು ಮಾತ್ರ ಹಾಗೇ ಬಿಟ್ಟೆ, ಏಕೆಂದರೆ ದೂರದ ಸರ್ವರ್‌ನಲ್ಲಿ ಹೊಸತು ಏಳದಿದ್ದರೆ ಹಿಂದೆ ಹೋಗಲು ಒಂದು ದಾರಿ ಬೇಕು. ರೀಬೂಟ್ ಕೊಟ್ಟು ಎರಡು ನಿಮಿಷ ಕಾದು ನೋಡಿದರೆ ಮತ್ತೆ 13!

ಕಾರಣ ಗ್ರಬ್ ಸೆಟ್ಟಿಂಗ್. ಬೂಟ್ ಆಗುವಾಗ ಯಾವ ಕರ್ನಲ್ ಏಳಬೇಕು ಎಂದು ಆರಿಸುವ ಪ್ರೋಗ್ರಾಂ ಅದು. ಹಿಂದೆ ಯಾವುದೋ ಡ್ರೈವರ್ ತೊಂದರೆಗೆಂದು 'ಗ್ರಬ್ ಡಿಫಾಲ್ಟ್' ಸಾಲಿನಲ್ಲಿ 13ರ ಹೆಸರನ್ನೇ ಬರೆದಿಟ್ಟಿದ್ದೆವು. ಅದು ಇರುವ ತನಕ ಎಷ್ಟು ಹೊಸ ಕರ್ನಲ್ ಹಾಕಿದರೂ ಬೂಟ್ ಆಗುವುದು ಅದೇ. ಅದನ್ನು ಸೊನ್ನೆ ಮಾಡಿ, 'ಅಪ್‌ಡೇಟ್ ಗ್ರಬ್' ಓಡಿಸಿ, ಮತ್ತೆ ರೀಬೂಟ್ ಮಾಡಿದೆ.

ಈ ಸಲ 6.1.0-15. ಇಷ್ಟಕ್ಕೇ ಸುಮ್ನಿರಬೇಡಿ. ಡೆಬಿಯನ್‌ನಲ್ಲಿ ಇದು ಹೆಸರಿನ ಸಂಖ್ಯೆ ಮಾತ್ರ, ಪ್ಯಾಕೇಜಿನ ನಿಜವಾದ ಆವೃತ್ತಿ 'ಯುನೇಮ್ ಮೈನಸ್ ವಿ'ಯಲ್ಲಿ ಸಿಗುತ್ತದೆ. ಅಲ್ಲಿ 6.1.66-1 ಎಂದಿತ್ತು. ಈಗಿನ ಕರ್ನಲ್‌ಗೆ ಬೂಟ್ ಆಗುವಾಗ ಕೊಟ್ಟ ಸೂಚನೆಗಳಿರುವ, 'ಪ್ರಾಕ್' ಒಳಗಿನ 'ಸಿಎಮ್‌ಡಿಲೈನ್' ಫೈಲ್ (/proc/cmdline) ತೆರೆದೆ, ಬೂಟ್ ಇಮೇಜ್ ಜಾಗದಲ್ಲೂ 15ರ ಹೆಸರೇ. ಆಮೇಲೆ ಗೆಳೆಯನಿಗೆ ಫೋನ್ ಮಾಡಿದೆ.