ನ್ಯಾನೋ ಫಾಸಿಲ್ ಗುರುತಿಸುವುದು: ಸ್ಟೇಜ್ ತಿರುಗಿಸುತ್ತಾ ಕಲಿತದ್ದು

ನ್ಯಾನೋ ಫಾಸಿಲ್ ಅಂದರೆ ಕಡಲ ಸೂಕ್ಷ್ಮ ಪಾಚಿಗಳ ಸುಣ್ಣದ ಚಿಪ್ಪಿನ ಪಳೆಯುಳಿಕೆ. ನಮ್ಮ ಚಿತ್ರದುರ್ಗದ ಬಂಡೆಗಳಲ್ಲಿ ಈ ಫಾಸಿಲ್ ಸಿಗುವುದಿಲ್ಲ. ಇಲ್ಲಿನ ಹೆಚ್ಚಿನ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಈ ಸೂಕ್ಷ್ಮ ಪಾಚಿಗಳು ಬಂದಿದ್ದು 20 ಕೋಟಿ ವರ್ಷಕ್ಕಿಂತ ಸ್ವಲ್ಪ ಹಿಂದೆ ಅಷ್ಟೇ. ಹಾಗಾಗಿ ನಾನು ಮನೆಯಲ್ಲಿ ನೋಡುವುದು ತಮಿಳುನಾಡಿನ ಅರಿಯಲೂರು ಕಡೆಯ, ಡೈನೋಸಾರ್‌ಗಳ ಕೊನೆಯ ಕಾಲವಾದ ಕ್ರಿಟೇಷಿಯಸ್‌ನ ಜೇಡಿಕಲ್ಲು.

ಸ್ಲೈಡ್ ಮಾಡುವುದು ಸುಲಭ. ಕಲ್ಲಿನ ಒಳಭಾಗದಿಂದ ಚೂರು ಕೆರೆದು, ಒಂದು ಹನಿ ನೀರಲ್ಲಿ ಟೂತ್‌ಪಿಕ್‌ನಿಂದ ತೆಳ್ಳಗೆ ಹರಡಿ, ಒಣಗಿಸಿ, ಅಂಟು ಹಾಕಿ ಕವರ್ ಸ್ಲಿಪ್ ಮುಚ್ಚುತ್ತೇನೆ. ನಮ್ಮ ಬೋರ್‌ವೆಲ್ ನೀರು ಮಾತ್ರ ಬೇಡ. ಒಣಗಿದರೆ ಅದರ ಸುಣ್ಣವೂ ಹೊಳೆಯುತ್ತೆ. ಡಿಸ್ಟಿಲ್ಡ್ ನೀರಿಗೆ ಒಂದೇ ಹನಿ ಅಮೋನಿಯಾ ಸೇರಿಸುತ್ತೇನೆ, ಇಲ್ಲದಿದ್ದರೆ ಅದರ ಸಣ್ಣ ಹುಳಿಗೇ ಫಾಸಿಲ್ ಕರಗಬಹುದು.

ಈ ಫಾಸಿಲ್‌ಗಳಲ್ಲಿ ಹೆಚ್ಚಿನವು 2ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಮೈಕ್ರೋಸ್ಕೋಪಿಗೆ ಆಯಿಲ್ ಲೆನ್ಸ್ (ಎಣ್ಣೆಯ ಹನಿ ಹಾಕಿ ನೋಡುವ ಲೆನ್ಸ್) ಹಾಕಿ 1000 ಪಟ್ಟು ದೊಡ್ಡದು ಮಾಡಲೇಬೇಕು. ಆದರೆ ಗುರುತು ಸಿಗುವುದು ಗಾತ್ರದಿಂದಲ್ಲ, ಬೆಳಕಿನಿಂದ. ಎರಡು ಪೋಲರೈಸರ್‌ಗಳನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಸೋಸುಕಗಳು) ಅಡ್ಡಡ್ಡ ಇಟ್ಟರೆ ಹಿನ್ನೆಲೆ ಕಪ್ಪಾಗಿ, ಚಿಪ್ಪಿನ ಸುಣ್ಣದ ಹರಳು, ಅಂದರೆ ಕ್ಯಾಲ್ಸೈಟ್, ಬೆಳಗುತ್ತೆ. ಆಗ ಸ್ಟೇಜನ್ನು (ಸ್ಲೈಡ್ ಇಡುವ ತಟ್ಟೆ) ನಿಧಾನ ತಿರುಗಿಸಬೇಕು. ಪುಸ್ತಕದ ಫೋಟೋದಲ್ಲಿ ಇರೋದು ಒಂದೇ ಕೋನ ಅಲ್ವಾ?

ಮೊದಲು ವಾಟ್ಸ್‌ನೌಎರಿಯಾ ಬಾರ್ನೆಸಿಯೇ ಎಂಬ ಜಾತಿಯನ್ನು ಕಲಿಯಿರಿ. ಕ್ರಿಟೇಷಿಯಸ್ ಕಲ್ಲುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಇರುತ್ತೆ. ಮೊಟ್ಟೆಯಾಕಾರ, ನಡುಭಾಗ ಹೆಚ್ಚುಕಡಿಮೆ ಮುಚ್ಚಿದ್ದು. ಅದರ ಕಪ್ಪು ಗೆರೆಗಳು ಜಾತ್ರೆಯ ಗಿರಗಿಟ್ಲೆಯ ಹಾಗೆ ಬಾಗಿರುತ್ತವೆ.

ನನಗೆ ತುಂಬಾ ಇಷ್ಟದ್ದು ಐಫೆಲಿಥಸ್. ಅದರ ಎರಡು ಜಾತಿ ನೋಡಿ. ಟರ್ರಿಸೈಫೆಲಿಯಲ್ಲಿ ನಡುವಿನ ಶಿಲುಬೆ ಓರೆಯಾಗಿ, ಎಕ್ಸ್‌ನಂತೆ ಕೂತಿರುತ್ತೆ. ಎಕ್ಸಿಮಿಯಸ್‌ನಲ್ಲಿ ಅದು ಮೊಟ್ಟೆಯ ಉದ್ದ, ಅಗಲಕ್ಕೆ ಹೆಚ್ಚುಕಡಿಮೆ ನೇರವಾಗಿರುತ್ತೆ. ಕಲ್ಲಿನ ವಯಸ್ಸು ಹೇಳಲು ಈ ಸಣ್ಣ ಓರೆಗೆ ಬೆಲೆ ಜಾಸ್ತಿ: ಎಕ್ಸಿಮಿಯಸ್ ಕ್ಯಾಂಪೇನಿಯನ್ (ಕ್ರಿಟೇಷಿಯಸ್‌ನ ಕೊನೆಯ ಹಂತಕ್ಕೆ ಮುಂಚಿನದು) ಕಾಲದ ಕೊನೆಯೊಳಗೇ ಅಳಿಯಿತು. ಟರ್ರಿಸೈಫೆಲಿ ಕ್ರಿಟೇಷಿಯಸ್ ಮುಗಿಯುವವರೆಗೂ ಇತ್ತು.

ಅಂಡಮಾನಿನ ಹೊಸ ಪದರಗಳ ನಕ್ಷತ್ರದಂಥ ಡಿಸ್ಕೋಆಸ್ಟರ್ ಬೇರೆ ಥರ. ಮಲಗಿದ ಡಿಸ್ಕೋಆಸ್ಟರ್ ಪೋಲರೈಸರ್‌ಗಳ ನಡುವೆ ಕಪ್ಪಾಗಿಯೇ ಇರುತ್ತೆ. ಅದಕ್ಕೆ ಒಂದು ಪೋಲರೈಸರ್ ತೆಗೆದು, ಸಾದಾ ಬೆಳಕಲ್ಲೂ ಆ ಜಾಗ ನೋಡಬೇಕು.

ಇನ್ನೊಂದು. ಕ್ರಿಟೇಷಿಯಸ್ ಸ್ಲೈಡಿನ ತುಂಬಾ ವಾಟ್ಸ್‌ನೌಎರಿಯಾ, ಮತ್ತೆ ಮೈಕುಲಾ ಎಂಬ ಇನ್ನೊಂದು ನ್ಯಾನೋ ಫಾಸಿಲ್, ಇವೆರಡೇ ಕಂಡರೆ, ಉಳಿದ ಸೂಕ್ಷ್ಮ ಜಾತಿಗಳು ಕರಗಿ ಹೋಗಿರಬಹುದು. ಇವೆರಡೂ ಗಟ್ಟಿ, ಬೇಗ ಕರಗಲ್ಲ. ಅಂಥ ಸ್ಲೈಡಿನಿಂದ ನಾನು ವಯಸ್ಸು ಹೇಳುವುದಿಲ್ಲ. ಅದೇ ಕಲ್ಲಿನ ಬೇರೆ ಜಾಗದಿಂದ ಇನ್ನೊಂದು ಚೂರು ಕೆರೆಯುತ್ತೇನೆ.